ಮೊದಲ ಸುತ್ತೇ ಸುಡುತ್ತಿತ್ತು

2003ರ ಮಾಗಿ. ಹಿರಿಯೂರಿನ ಹತ್ತಿ ಮಿಲ್ಲಿಗೆ ಬೆಳಗಿನಿಂದಲೇ ಲೋಡುಗಳು ಬರುತ್ತಿದ್ದವು. ಎದುರಿಗೆ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯಲ್ಲಿ ಅನುಸೂಯ ಅಚ್ಚಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಅಪ್ಪ ಮುರುಗಪ್ಪನ ಕಣ್ಣು ಮಂಜಾದ ಮೇಲೆ ಆ ಕೆಲಸವೆಲ್ಲ ಅವಳದೇ.

ಮಿಲ್ಲಿಗೆ ಹೊಸದಾಗಿ ಸೇರಿದ್ದ ಎಲೆಕ್ಟ್ರಿಷಿಯನ್ ಮೋಹನ್‌ಕುಮಾರ್ ಮೋಟಾರೊಂದನ್ನು ತಂದಿಳಿಸಿದ.

"ಮತ್ತೆ ಸುಟ್ಟೈತೆ! ಯಾರ್ರೀ ಇದನ್ನ ಸುತ್ತಿದ್ದು?"

"ನಾನೇ."

ಅವನು ಅವಳನ್ನೇ ನೋಡಿದ. ಆದರೂ ಬಾಯಿ ಸುಮ್ಮನಿರಲಿಲ್ಲ. "ಇದು ಸ್ವೆಟರ್ ಹೆಣೆದಂಗಲ್ಲ ಕಣ್ರಿ!"

ಚಹಾ ಕುಡಿಯುತ್ತಿದ್ದ ಹಮಾಲರು ನಕ್ಕರು.

'ಎಂಥ ಚೆಂದದ ಕಣ್ಣು... ಎಂಥ ಕೆಟ್ಟ ಬಾಯಿ!' ಅನುಸೂಯಳ ಕಿವಿ ಬಿಸಿಯಾಯಿತು. ಹೆಸರು ಕೆಟ್ಟರೆ ಮೋಟಾರುಗಳೆಲ್ಲ ರಿಪೇರಿಗೆ ಚಿತ್ರದುರ್ಗಕ್ಕೆ ಹೋಗುತ್ತವೆ. ಅಪ್ಪ ಕಟ್ಟಿದ ಅಂಗಡಿಗೆ ಬೀಗವೇ ಗತಿ.

ಮೋಟಾರು ಬಿಚ್ಚಿದಳು. ಪ್ರತಿ ಸಲದಂತೆ ಕರೆಂಟು ಒಳಬರುವ ಕಡೆಯ ಮೊದಲ ಸುತ್ತುಗಳಷ್ಟೇ ಕರಿದಾಗಿದ್ದವು. ಉಳಿದ ತಂತಿ ಹೊಸದರಂತೆಯೇ ಇತ್ತು.

"ಲೋಡು ಜಾಸ್ತಿಯಾಗಿದ್ರೆ ಪೂರ್ತಿ ಕರ್ರಗಾಗ್ಬೇಕಿತ್ತು. ಇದು ಓಡೋ ಜಾಗ ತೋರಿಸ್ರಿ."

ಅವನು ಮಿಲ್ಲಿಗೆ ಕರೆದೊಯ್ದ. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡಲು ಮಿಲ್ಲಿನವರು ಹೊಸದಾಗಿ ತರಿಸಿದ್ದ ಡ್ರೈವು ಎಂಬ ಯಂತ್ರ ಅಲ್ಲಿ ಕಾಣಲಿಲ್ಲ.

"ಎಲ್ಲೈತ್ರಿ?"

"ಆಫೀಸ್ನಾಗೆ, ದೇವ್ರ ಫೋಟೋ ಕೆಳಗೆ. ಹತ್ತಿ ಧೂಳು ಆಗ್ಬಾರ್ದು, ದಿನಾ ಪೂಜೆ ಆಗ್ಬೇಕು ಅಂದ್ರು ಸಾಹುಕಾರ್ರು. ಕೇಬಲ್ ನಾನೇ ಎಳ್ದೆ..."

ಅಂಗಳ ದಾಟಿ ಬಂದ ಕೇಬಲ್ಲನ್ನು ಅವಳು ಕಣ್ಣಲ್ಲೇ ಅಳೆದಳು. ಅವನ ಮುಖ ಸಣ್ಣದಾಯಿತು.

"ಅಯ್ಯೋ... ಟ್ರೈನಿಂಗ್ನಾಗೆ ಹೇಳಿದ್ರು. ಡ್ರೈವು ಕರೆಂಟನ್ನ ಕತ್ತರಿಸಿ ಕತ್ತರಿಸಿ ಕಳಿಸ್ತೈತೆ. ಕೇಬಲ್ ಉದ್ದ ಆದ್ರೆ ಮೋಟಾರ್ ಬಾಯಾಗೆ ವೋಲ್ಟೇಜು ಹೆಚ್ಚುಕಮ್ಮಿ ಎರಡರಷ್ಟು ಏಳ್ತೈತೆ. ಮೊದಲ ಸುತ್ತೇ ಏಟು ತಿಂತೈತೆ!"

ಅವನು ನೇರ ಹಮಾಲರ ಬಳಿ ಹೋದ.

"ಅಣ್ಣಾರಾ, ಅವ್ರ ಕೆಲ್ಸ ಸರಿ ಐತೆ. ತಪ್ಪು ನಂದು!"

ಅವಳ ಎದೆಯ ಭಾರ ಇಳಿಯಿತು. ಸಿಟ್ಟೂ ಅದರ ಜೊತೆಗೇ ಇಳಿದುಹೋಗಿದ್ದು ಅವಳಿಗೇ ಸೋಜಿಗ!

ಸಾಹುಕಾರರನ್ನು ಒಪ್ಪಿಸಿ, ಧೂಳು ಹೋಗದ ಪೆಟ್ಟಿಗೆಯಲ್ಲಿಟ್ಟು ಡ್ರೈವನ್ನು ಮೋಟಾರಿನ ಪಕ್ಕಕ್ಕೇ ತಂದರು. ಏಟು ತಡೆಯಲು ನಡುವೆ ಚೋಕ್ ಎಂಬ ತಂತಿ ಸುರುಳಿಯೊಂದನ್ನು ಕೂಡಿಸಿದರು. ಅನುಸೂಯ ಗಟ್ಟಿ ಲೇಪದ ತಂತಿ ಸುತ್ತಿ, ಎರಡು ಸಲ ವಾರ್ನಿಷ್ ಕುಡಿಸಿದಳು.

ಮೋಟಾರು ಮತ್ತೆ ಸುಡಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅವನು ಬರಿಗೈಲಿ ಅಂಗಡಿಗೆ ಬಂದ.

"ಏನ್ ಸುಟ್ಟೈತ್ರಿ?"

"ಏನೂ ಸುಡ್ತಿಲ್ಲ. ಬರಾಕೆ ನೆಪಾನೇ ಇಲ್ದಂಗಾಗೈತೆ..." ಅವನ ದನಿ ತಗ್ಗಿತು. "ನಾಳೆ ಹೊಳಲ್ಕೆರೆಯಿಂದ ಅವ್ವ ಬರ್ತಾಳೆ, ನಿಮ್ಮಪ್ಪಾರ ಹತ್ರ ಮಾತಾಡಾಕೆ. ಬರ್ಲಾ... ಬ್ಯಾಡ್ವಾ?"

ಅನುಸೂಯಳ ಕೈಯಲ್ಲಿ ತಂತಿ ನಿಂತಿತು.

"ಬರ್ಲಿ. ಊಟಕ್ಕೇ ಬರ್ಲಿ. ಆದ್ರೆ ಮೊದ್ಲೇ ಹೇಳ್ತೀನಿ, ನಂಗೆ ಅಡಿಗೆ ಅಷ್ಟಾಗಿ ಬರಲ್ಲ."

"ನಂಗ್ ಬರ್ತೈತೆ ಕಣ್ರಿ," ಎಂದ ಮೋಹನ್‌ಕುಮಾರ್.