ಹೀರೆ ಚಪ್ಪರದ ಫೋಟೋ

"ಅಲುಗಬ್ಯಾಡ್ರಿ! ಹಂಗ ನಿಂದರ್ರಿ... ಒಂದ ಗಳಿಗಿ!"

ಕ್ಯಾಮೆರಾದ ಹಿಂದಿನಿಂದ ಬಂದ ಆ ದನಿಗೆ ಸುಂದರವ್ವನ ಎದೆ ಧಸಕ್ಕೆಂದಿತು. ಹಿತ್ತಲಿನ ಹೀರೆ ಚಪ್ಪರದ ಕೆಳಗೆ, ನೇತಾಡುವ ಕಾಯಿಗಳ ನಡುವೆ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಬೈಲಹೊಂಗಲದಲ್ಲಿ ಸ್ಟುಡಿಯೋ ಇಟ್ಟಿದ್ದ ಅಂದಾನೆಪ್ಪ ಕ್ಯಾಮೆರಾದಿಂದ ಕಣ್ಣು ತೆಗೆಯಲೇ ಇಲ್ಲ. ಇಷ್ಟು ಹೊತ್ತು ಯಾರಾದರೂ ಹೀರೇಕಾಯಿ ನೋಡುತ್ತಾರೆಯೇ? ಗೊತ್ತಾಯಿತೇನೋ... ದೇವರೇ, ಗೊತ್ತಾಗದಿರಲಿ!

ಗೊತ್ತಾಗಬಾರದ ಸಂಗತಿ ಇಷ್ಟೇ. ಆ ಬಳ್ಳಿ ಒಂದೇ ಒಂದು ಕಾಯಿ ಬಿಟ್ಟಿರಲಿಲ್ಲ. ನೇತಾಡುತ್ತಿದ್ದವೆಲ್ಲ ಸಂತೆಯ ಕಾಯಿ. ಬೆಳಗಾಗುವ ಮೊದಲೇ ಎದ್ದು ಒಂದೊಂದನ್ನೂ ಬಾಳೆನಾರಿನಿಂದ ಬಳ್ಳಿಗೆ ಕಟ್ಟಿದ್ದಳು ಮಹಾರಾಯ್ತಿ!

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. 1974ರಲ್ಲಿ ಮುರಗೋಡದ ಮಹಿಳಾ ಮಂಡಳಿಯವರು ಊರಿನ ಕೈತೋಟಗಳ ಬಗ್ಗೆ ಒಂದು ಪುಸ್ತಕ ಮಾಡಲು ಹೊರಟಾಗ, ಚಿತ್ರ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಬೇರೆಯವರ ಹಿತ್ತಲನ್ನು ಇದ್ದ ಹಾಗೆಯೇ ಬರೆದಳು. ತನ್ನದರ ಸರದಿ ಬಂದಾಗ ಮಾತ್ರ ಬೋಳು ಬಳ್ಳಿ ಬರೆಯಲು ಮನಸ್ಸಾಗಲಿಲ್ಲ. ಚಿತ್ರದಲ್ಲಿ ಸಾಲು ಸಾಲಾಗಿ ಕಾಯಿ ಇಳಿಬಿಟ್ಟಳು.

ಮಂಡಳಿಯ ಹಿರಿಯರಾದ ಗುರುಬಸವ್ವ ಅದನ್ನು ನೋಡಿ ಹಿಗ್ಗಿದರು. "ಇದರ ಬಾಜೂಕ ಖರೇ ಫೋಟೋನೂ ಹಾಕೂಣು. ನೋಡಿದವರು ಮೂಗಿನ ಮ್ಯಾಲ ಬೆರಳ ಇಡಬೇಕು!" ಎಂದು ಅಂದಾನೆಪ್ಪನಿಗೆ ಹೇಳಿ ಕಳಿಸಿಯೇಬಿಟ್ಟರು.

ಆಗಲೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಬಿಡಲಿಲ್ಲ.

"ಆತ್ರಿ," ಅಂದಾನೆಪ್ಪ ತಲೆಯೆತ್ತಿ ನಕ್ಕ. "ಭಾಳ ಛಲೋ ಬಂದೈತಿ."

"ಏನ್ರಿ... ಕಾಯಿ?"

"ಹಾಂ... ಕಾಯೀನೂ," ಎಂದು ತಡವರಿಸಿದ ಅವನ ಕಿವಿ ಕೆಂಪಾದವು.

ಆ 'ಕಾಯೀನೂ' ವಾರವಿಡೀ ಸುಂದರವ್ವನ ತಲೆಯಲ್ಲಿ ಸುಳಿದಾಡಿತು. ಒಬ್ಬಳೇ ಇದ್ದಾಗ ನಗು ಬರುತ್ತಿತ್ತು. ಬಾಳೆನಾರು ನೆನಪಾದ ಕೂಡಲೇ ಆ ನಗು ಆರಿಹೋಗುತ್ತಿತ್ತು.

ಮಂಡಳಿಯ ಸಭೆಯಲ್ಲಿ ಫೋಟೋ ಕೈಯಿಂದ ಕೈಗೆ ದಾಟಿ ಮಂಡಳಿಯವಳೇ ಆದ ಶಟ್ಟೆವ್ವನ ಹತ್ತಿರ ಬಂದು ನಿಂತಿತು.

"ಇದೇನ ಯವ್ವಾ, ತೊಟ್ಟಿನ ಹಂತೇಕ ಬೆಳ್ಳಗ?" ಶಟ್ಟೆವ್ವ ಫೋಟೋವನ್ನು ಬೆಳಕಿಗೆ ಹಿಡಿದಳು. "ಅಯ್ಯ, ಮಲ್ಲಿಗಿ ಹೂವಿನ ದಂಡಿ ಕಟ್ಟೂ ಗಂಟಲ್ಲೇನ ಇದು! ಇಷ್ಟು ಸಣ್ಣ ಗಂಟು ಈ ಊರಾಗ ನಿನ್ನ ಬಿಟ್ಟರ ಯಾರು ಹಾಕತಾರ ಸುಂದ್ರವ್ವಾ? ಹೀರಿಕಾಯಿಗೇ ದಂಡಿ ಕಟ್ಟೀದಿ?"

ಸಭೆಗೆ ಸಭೆಯೇ ಗೊಳ್ಳೆಂದಿತು. ಬಳ್ಳಿಯ ಹಸಿರಿನಲ್ಲಿ ಕಣ್ಣಿಗೆ ಬೀಳದಿದ್ದ ನಾರು ಕಪ್ಪು-ಬಿಳುಪು ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

ಗುರುಬಸವ್ವ ಮಾತ್ರ ನಗಲಿಲ್ಲ. "ನಿನ್ನ ಕೈ ನಂಬಿದ್ನೆವ್ವ ನಾ," ಎಂದರು ಮೆಲ್ಲಗೆ. "ಉಳಿದ ಚಿತ್ರಾನೂ ಹಿಂಗ ಏನು? ಹಂಗಿದ್ರ ಒಂದೂ ಪುಸ್ತಕದಾಗ ಹಾಕಾಕ ಬರೂದಿಲ್ಲ."

ಸುಂದರವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಫೋಟೋ ತಂದುಕೊಟ್ಟಿದ್ದ ಅಂದಾನೆಪ್ಪ ಬಾಗಿಲ ಹತ್ತಿರವೇ ನಿಂತಿದ್ದ.

ಅಷ್ಟೊತ್ತು ಕಣ್ಣಿಟ್ಟು ನೋಡಿದವನಿಗೆ ಗಂಟು ಕಾಣಲಿಲ್ಲವೇ? ಅಂದೇ ಕಿವಿಯಲ್ಲಿ ಹೇಳಬಹುದಿತ್ತಲ್ಲ! ನಾಲ್ಕು ಮಂದಿಯ ಮುಂದೆ ಮಾನ ಕಳೆಯಬೇಕಿತ್ತೇ?

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆ ಸೇರಿದಳು. ಮರುದಿನ ನೀರಿಗೂ ಹೊರಗೆ ಹೋಗಲಿಲ್ಲ. ಅವಳು ಅಡಗಿಕೊಂಡರೇನು, ಮಧ್ಯಾಹ್ನಕ್ಕೆ ಅವನೇ ಹಿತ್ತಲಿಗೆ ಬಂದು ನಿಂತ.

"ಯಾಕ ಬಂದ್ರಿ? ಇನ್ನೂ ನಗೂದು ಉಳದೈತೇನು?" ಬೆನ್ನು ಹಾಕಿಯೇ ಕೇಳಿದಳು.

"ನಾ ನಗಲಿಲ್ರಿ."

"ಹೇಳಲೂ ಇಲ್ಲ!"

"ಆ ಗಂಟು ನಾ ನೋಡೇ ಇಲ್ರಿ ಸುಂದರವ್ವಾರ."

"ಸುಳ್ಳು! ಎಷ್ಟೊತ್ತು ನಿಂದರಿಸಿದ್ರಿ ನನ್ನ!"

"ನೋಡಿದ್ನಿ... ಕಾಯಿ ಅಲ್ರಿ." ಅವನ ದನಿ ಇಳಿಯಿತು. "ಫೋಟೋ ತೊಳಿಯೂ ಮುಂದನೂ ನಿಮ್ಮ ಮಾರಿ ಮೂಡೂದನ್ನ ನೋಡಕೋತ ನಿಂತಿದ್ನಿ. ಹೊಟ್ಟಿಪಾಡ ಇದು ನಂದು. ಮಂದಿಗೆ ಒಂದ ನದರಿಗೆ ಕಂಡಿದ್ದು ನನಗ ಕಾಣಲಿಲ್ಲ. ನಾಚಿಕಿ ನನಗಾಗೇತ್ರಿ... ಕಂಡಿದ್ರ ಆ ಫೋಟೋ ಹೊರಗ ತರತಿದ್ದಿಲ್ಲ."

ಸುಂದರವ್ವ ತಿರುಗಿದಳು. ಪಾಪ, ಅವನೂ ತಲೆ ತಗ್ಗಿಸಿಯೇ ನಿಂತಿದ್ದ!

ಇವನ ಮೇಲೆ ತಪ್ಪು ಹೊರಿಸಿ ತಾನು ತಪ್ಪಿಸಿಕೊಂಡಿದ್ದು ಅವಳಿಗೆ ಹೊಳೆಯಿತು. ಒಳಗೆ ಹೋಗಿ ಹಾಳೆ, ಪೆನ್ಸಿಲ್ ತಂದಳು. ಕಾಯಿ ಬಿಚ್ಚಿ ಬೋಳಾಗಿದ್ದ ಬಳ್ಳಿಯ ಎದುರು ಕುಳಿತು ಇದ್ದದ್ದನ್ನೇ ಬರೆದಳು. ಅರ್ಧ ಒಣಗಿದ ಎಲೆ, ನೆಲಕ್ಕುದುರಿದ ಹೂವು. ಮುಗಿದ ಕೂಡಲೇ ಗುರುಬಸವ್ವನ ಮನೆಗೆ ನಡೆದಳು. ಅಂದಾನೆಪ್ಪ ಹಿಂದೆಯೇ ಬಂದ. ಕಟ್ಟೆಯ ಮೇಲೆ ಶಟ್ಟೆವ್ವನೂ ಕುಳಿತಿರಬೇಕೇ!

ಆದರೂ ಚಿತ್ರವನ್ನು ಗುರುಬಸವ್ವನ ಕೈಗಿಟ್ಟು ಹೇಳಿದಳು.

"ನಮ್ಮ ಬಳ್ಳಿ ಹಿಂಗ ಐತ್ರಿ ಅಕ್ಕಾರ. ಹೂ ಉದರತಾವ, ಕಾಯಿ ಹಿಡಿಯೂದಿಲ್ಲ. ನಾಚಿಕಿ ಬಂದು ಸುಳ್ಳ ಬರದೆ. ಉಳಿದ ಚಿತ್ರಾ ಖರೇ ಅದಾವ್ರಿ. ಅವರವರ ಹಿತ್ತಲಕ್ಕ ಹೋಗಿ ಹೋಲಿಸಿ ನೋಡ್ರಿ."

ಶಟ್ಟೆವ್ವ ಚಿತ್ರವನ್ನು ಬಾಗಿ ನೋಡಿ ಕೆಮ್ಮಿದಳು.

"ನಮ್ಮವೂ ಹಿಂಗ ಉದರತಾವ... ನಾ ಯಾರ ಮುಂದೂ ಹೇಳಿಲ್ಲ."

ಗುರುಬಸವ್ವ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡರು. "ಹಂಗಾರ ಇದೂ ಪುಸ್ತಕದಾಗ ಇರಬೇಕು. ಯಾಕ ಉದರತಾವ ಅಂತ ತಿಳದವರನ್ನ ಕೇಳಿ ಬರಸೂಣು. ಅಂದಾನೆಪ್ಪಾ, ಬಳ್ಳಿ ಫೋಟೋ ಮತ್ತ ತಗಿಯಪ್ಪ."

ಹಿತ್ತಲಿಗೆ ಮರಳಿದ ಅಂದಾನೆಪ್ಪ ಕ್ಯಾಮೆರಾ ಹೊರತೆಗೆದ.

"ಈ ಸಲ ಬಳ್ಳಿ ನೋಡಿ ತಗೀರಿ," ಎಂದಳು ಸುಂದರವ್ವ.

"ನೀವು ಆ ಕಡೆ ಸರದ್ರ ನೋಡೂದು ಆಗತೈತ್ರಿ!"

ಅವಳು ನಕ್ಕುಬಿಟ್ಟಳು. ಅವನು ನಗಲಿಲ್ಲ. ಫೋಟೋ ತೆಗೆದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

"ನಿಮ್ಮ ಅಪ್ಪಾರ ಕೂಡ ಒಂದ ಮಾತ ಆಡೂದೈತ್ರಿ. ನೀವು ಹೂಂ ಅಂದ್ರ."

ಎದೆ ಬಡಿತ ಅವನಿಗೂ ಕೇಳಿಸೀತೆಂದು ಅವಳು ಸೆರಗನ್ನು ಬಿಗಿಯಾಗಿ ಹೊದ್ದಳು.

"ಅವರು ಹೊಲದಿಂದ ಬರೂದ್ರಾಗ ಹೊತ್ತ ಮುಳಗತೈತಿ," ಎಂದಳು ಕಡೆಗೆ. "ಬೈಲಹೊಂಗಲಕ್ಕ ಹೋಗೂ ಕಡೀ ಬಸ್ಸು ಹೋಗಿಬಿಡತೈತ್ರಿ."

"ಹೋಗ್ಲಿ ಬಿಡ್ರಿ," ಎಂದು ಅಂದಾನೆಪ್ಪ ಕಟ್ಟೆಯ ಮೇಲೆ ಕುಳಿತ.

"ಹಂಗಾರ ಚಹಾ ಇಡತೇನಿ," ಎಂದು ಸುಂದರವ್ವ ಒಳಗೆ ಹೋದಳು.