‘ಬರ್ತೇನಿ’ ಎಂಬ ಗುಂಡಿ

“ಯಾರ್ರಿ ಅದನ್ನ ಒತ್ತಿದವ್ರು?!”

ಬೆನ್ನ ಹಿಂದಿನಿಂದ ಬಂದ ಆ ಧ್ವನಿಗೆ ಭಾಗ್ಯಜ್ಯೋತಿ ಬೆಚ್ಚಿ ಎದ್ದು ನಿಂತಳು. ಅವಳೆದುರಿನ ಕಂಪ್ಯೂಟರಿನ ಪರದೆ ಆಗತಾನೇ ಕಪ್ಪಾಗಿತ್ತು. ಎರಡೂ ಕೈಗಳಲ್ಲಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ತರುಣನನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

“ನಾನ್ರಿ…”

“ಮುಂಜಾನಿಂದ ಮಾಡಿದ ಕೆಲಸರೀ ಅದು! ಇನ್ನೂ ಸೇವ್ ಮಾಡಿರಲಿಲ್ಲ! ಏನಂತ ತಿಳದು ಒತ್ತಿದ್ರಿ?”

“‘ಬರ್ತೇನಿ’ ಅಂತ ಬರದಿತ್ರಿ. ಏನ ಬರತೈತಿ ನೋಡೂಣು ಅಂತ ಒತ್ತಿದೆ.”

ಅಂಗಡಿಯ ಮಾಲೀಕ ಮೋದಿನಸಾಬ ಹೊಟ್ಟೆ ಹಿಡಿದು ನಕ್ಕುಬಿಟ್ಟ. “ಏನ ಬರತೈತಿ? ನಮ್ಮ ಸಿದ್ದರಾಯಗ ಸಿಟ್ಟ ಬರತೈತಿ, ನೋಡವ್ವಾ!”

ಅದು ಎರಡು ಸಾವಿರದ ಐದನೆಯ ಇಸವಿಯ ಒಂದು ರವಿವಾರ. ಬಸವನ ಬಾಗೇವಾಡಿಯಲ್ಲಿ ಮೋದಿನಸಾಬನದು ಲಗ್ನಪತ್ರಿಕೆಗಳನ್ನು ಅಚ್ಚು ಹಾಕಿಕೊಡುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಾಗೇವಾಡಿ ತಾಲೂಕುಗಳ ಲಿನಕ್ಸ್ ಬಳಕೆದಾರರ ಬಳಗ ಸೇರುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿ, ತಿದ್ದಿ, ಹಂಚಬಹುದಾದ ಆ ತಂತ್ರಾಂಶವನ್ನು ಕನ್ನಡಕ್ಕೆ ತರುವುದೇ ಬಳಗದ ಕೆಲಸ.

ಸಿದ್ದರಾಯ ಮುದ್ದೇಬಿಹಾಳದ ಒಂದು ಕಂಪ್ಯೂಟರ್ ತರಗತಿಯಲ್ಲಿ ಶಿಕ್ಷಕ. ಭಾಗ್ಯಜ್ಯೋತಿ ತಾಂಬಾದವಳು, ವಿಜ್ಞಾನ ಪದವಿ ಮುಗಿಸಿ, ಬಾಗೇವಾಡಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ಚಿಗವ್ವನ ಮನೆಯಲ್ಲಿದ್ದಳು. ಅಂಗಡಿಯ ಮುಂದಿನ ಫಲಕ ನೋಡಿ, ‘ಇದೇನಿರಬಹುದು?’ ಎಂಬ ಒಂದೇ ಕುತೂಹಲದಿಂದ ಅವಳು ಅಂದು ಒಳಗೆ ಬಂದಿದ್ದಳು.

“ಕೆಲಸ ಮುಗಿಸಿ ಹೊರಗ ಹೋಗೂ ಗುಂಡಿಗೆ ‘ಬರ್ತೇನಿ’ ಅಂತ ಯಾಕ ಬರದೀರಿ?” ಎಂದು ಅವಳು ತಿರುಗಿ ಕೇಳಿದಳು.

“ನೀವು ಮನಿ ಬಿಟ್ಟು ಹೊರಡೂವಾಗ ಏನಂತೀರಿ?”

“ಬರ್ತೇನಿ ಅಂತೇನ್ರಿ.”

“ಮತ್ತ?”

ಅವಳು ಸೋಲಲಿಲ್ಲ. “ಅದು ಮನೀ ಮಾತ್ರಿ. ಯಂತ್ರದಾಗ ಒಂದು ಶಬ್ದಕ್ಕ ಒಂದ ಅರ್ಥ ಇರಬೇಕು. ಇಲ್ಲಂದ್ರ ನನ್ನಂಥವ್ರು ಒತ್ತತಾರ, ನಿಮ್ಮಂಥವ್ರು ಒದರತಾರ.”

ಸಿದ್ದರಾಯನ ತುಟಿಯಂಚಿನಲ್ಲಿ ನಗು ಸುಳಿಯಿತು. ಅವನು ಒಂದು ಲೋಟವನ್ನು ಅವಳತ್ತ ಚಾಚಿದ. “ಚಹಾ ಕುಡೀರಿ. ಮುಂದಿನ ರವಿವಾರನೂ ಬರ್ರಿ. ಕಳದ ಕೆಲಸ ಕೂಡಿ ಮಾಡೂಣು… ಜಗಳಾನೂ ಮುಂದುವರಸೂಣು.”

ಅವಳು ಬಂದಳು. ಮುಂದಿನ ರವಿವಾರವೂ, ಅದರ ಮುಂದಿನದೂ.

ಒಂದೊಂದು ಶಬ್ದಕ್ಕೂ ಇಬ್ಬರ ನಡುವೆ ವಾದ ನಡೆಯುತ್ತಿತ್ತು. ಅವಳು ಅರ್ಥವನ್ನು ತಕ್ಕಡಿಯಲ್ಲಿ ಇಟ್ಟಂತೆ ತೂಗುವಳು. ಅವನು ಆ ಶಬ್ದವನ್ನು ಗಟ್ಟಿಯಾಗಿ ಉಚ್ಚರಿಸಿ, ಕಿವಿಗೆ ಹಿತವೋ ಅಲ್ಲವೋ ಎಂದು ನೋಡುವನು. ‘ಬರ್ತೇನಿ’ಯ ಜಗಳ ಮಾತ್ರ ಬಗೆಹರಿಯಲೇ ಇಲ್ಲ.

ಮುದ್ದೇಬಿಹಾಳದ ಬಸ್ಸು ಬರುವ ಹೊತ್ತಿಗೆ ತನ್ನ ಕಣ್ಣು ಬೀದಿಯ ಕಡೆಗೇ ಹೊರಳುವುದನ್ನು ಅವಳು ಗಮನಿಸಿದಳು. ‘ಏಕೆ ಹೀಗೆ? ಕಾರಣವೇನು?’ ಪ್ರಯೋಗಾಲಯದಲ್ಲಿ ಕೇಳುವಂತೆಯೇ ತನ್ನ ಹೃದಯವನ್ನೂ ಕೇಳಿದಳು. ಉತ್ತರ ಗೊತ್ತಿದ್ದೂ, ಇನ್ನಷ್ಟು ಪುರಾವೆ ಬೇಕೆಂದು ಮುಂದೂಡಿದಳು!

ಇತ್ತ ಬಳಗ ಕರಗುತ್ತ ಬಂತು. ಇಂಡಿಯ ಗೆಳೆಯರಿಗೆ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಸಿಂದಗಿಯವರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಹಿಂದಿನ ಕೋಣೆಯ ಕುರ್ಚಿಗಳು ಖಾಲಿ ಉಳಿಯತೊಡಗಿದವು. ಆಗ ವಿಜಾಪುರದ ದೊಡ್ಡ ಬಳಗದಿಂದ ಒಂದು ಮಾತು ಬಂತು: ‘ನಮ್ಮಲ್ಲಿ ವಿಲೀನವಾಗಿ. ನಿಮ್ಮ ಕೆಲಸವನ್ನು ಉಳಿಸಿಕೊಳ್ಳುತ್ತೇವೆ. ಆದರೆ ಶಬ್ದಗಳೆಲ್ಲ ಗ್ರಾಂಥಿಕ ಕನ್ನಡದಲ್ಲಿರಬೇಕು.’

ಭಾಗ್ಯಜ್ಯೋತಿ ಬಹಳ ಯೋಚಿಸಿದಳು. ವಿಲೀನವಾದರೆ ಕೂಟವೆಲ್ಲ ವಿಜಾಪುರದಲ್ಲೇ, ಬಾಗೇವಾಡಿಯ ಈ ರವಿವಾರಗಳು ಮುಗಿದಂತೆಯೇ. ಸಿದ್ದರಾಯ ಬರುವ ಬಸ್ಸೂ ಮುಗಿದಂತೆಯೇ. ಆದರೆ ವಿಲೀನವಾಗದಿದ್ದರೆ? ಅವನು ಇಷ್ಟು ಕಾಲ ಕಷ್ಟಪಟ್ಟು ಮಾಡಿದ್ದೆಲ್ಲ ಈ ಕೋಣೆಯಲ್ಲೇ ಧೂಳು ಹಿಡಿಯುವುದು.

‘ನನ್ನ ರವಿವಾರ ಹೋದರೆ ಹೋಗಲಿ… ಅವರ ಕೆಲಸ ಉಳಿಯಲಿ.’

ಯಾರಿಗೂ ಹೇಳದೆ ಅವಳು ಆ ಗುಂಡಿಯ ಶಬ್ದವನ್ನು ಬದಲಿಸಿದಳು: ‘ನಿರ್ಗಮಿಸು’.

ಮುಂದಿನ ರವಿವಾರ ಸಿದ್ದರಾಯ ಪರದೆಯನ್ನು ನೋಡಿದ. ಬಹಳ ಹೊತ್ತು ನೋಡಿದ.

“ಇದನ್ನ ಯಾರು ಬದಲಿ ಮಾಡಿದ್ರು?”

“ನಾನ್ರಿ. ವಿಜಾಪುರದವ್ರು ಒಪ್ಪಬೇಕಂದ್ರ—”

“ನಮ್ಮ ಮಾತು ನಿಮಗ ನಾಚಿಕಿ ಆತೇನ್ರಿ?” ಅವನ ಧ್ವನಿ ಏರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. “ಸಣ್ಣ ಊರು, ಸಣ್ಣ ಕ್ವಾಣಿ, ಸಣ್ಣ ಬಳಗ. ನಿಮಗ ದೊಡ್ಡದು ಬೇಕಾಗಿತ್ತು. ಮೊದಲ ಹೇಳಿದ್ರ ಆಗತಿತ್ತು.”

“ಹಂಗಲ್ರಿ! ನನ್ನ ಮಾತು ಪೂರಾ ಕೇಳ್ರಿ…”

ಅವನು ಚೀಲವನ್ನು ಹೆಗಲಿಗೇರಿಸಿದ.

“ಹೋಗ್ತೇನಿ.”

ಮೋದಿನಸಾಬ ಗಾಬರಿಯಿಂದ ಎದ್ದ. “ಏ ತಮ್ಮಾ! ಹಂಗ ಅನಬಾರದೋ! ‘ಬರ್ತೇನಿ’ ಅನ್ನು!”

ಸಿದ್ದರಾಯ ತಿರುಗಿ ನೋಡಲಿಲ್ಲ.

ಭಾಗ್ಯಜ್ಯೋತಿ ಕುರ್ಚಿಯ ಮೇಲೆ ಕುಳಿತು ಯೋಚಿಸಿದಳು. ‘ಬರ್ತೇನಿ’, ‘ಹೋಗ್ತೇನಿ’ ಎರಡರ ಕ್ರಿಯೆಯೂ ಒಂದೇ: ಬಾಗಿಲು ದಾಟುವುದು. ಹಾಗಿದ್ದರೆ ಒಂದು ಶಬ್ದ ಇಷ್ಟು ನೋಯಿಸಲು ಕಾರಣವೇನು? ಇನ್ನೊಂದರಲ್ಲಿ ಮರಳಿ ಬರುವ ಮಾತಿತ್ತು… ಇದರಲ್ಲಿ ಇರಲಿಲ್ಲ! ಅವಳು ಅಳಿಸಿದ್ದು ಒಂದು ಶಬ್ದವನ್ನಲ್ಲ, ಒಂದು ಭರವಸೆಯನ್ನು.

ಮುಂದಿನ ಎರಡು ರವಿವಾರ ಮುದ್ದೇಬಿಹಾಳದ ಬಸ್ಸು ಬಂತು, ಹೋಯಿತು. ಅವನು ಇಳಿಯಲಿಲ್ಲ.

ಒಂದು ಸಂಜೆ ಮೋದಿನಸಾಬನ ತಾಯಿ ಇಮಾಮಬಿ ಅಂಗಡಿಗೆ ಬಂದಳು. ಸೊಲ್ಲಾಪುರದಲ್ಲಿದ್ದ ಮೊಮ್ಮಗಳು ತನ್ನ ಕೂಸಿನ ಫೋಟೋವನ್ನು ಇ-ಮೇಲಿನಲ್ಲಿ ಕಳಿಸಿದ್ದಳು. ಭಾಗ್ಯಜ್ಯೋತಿ ಅದನ್ನು ತೆರೆದು ತೋರಿಸಿದಳು. ಮುದುಕಿ ಕಣ್ತುಂಬ ನೋಡಿ, ಬಳಿಕ ಪರದೆಯ ಮೂಲೆಯಲ್ಲಿದ್ದ ಅಕ್ಷರಗಳನ್ನು ಕೂಡಿಸಿ ಓದತೊಡಗಿದಳು.

“ನಿ… ರ್ಗ… ಮಿಸು. ಯಾರವ್ವಾ ಇಕಿ? ಯಾರ ಮನೀ ಹುಡುಗಿ?”

ಎಷ್ಟೋ ದಿನಗಳ ಮೇಲೆ ಭಾಗ್ಯಜ್ಯೋತಿ ನಕ್ಕಳು. ನಗುತ್ತಿದ್ದಂತೆಯೇ ಒಂದು ಪ್ರಶ್ನೆ ಅವಳನ್ನು ಚುಚ್ಚಿತು. ಇದು ಬಳಕೆದಾರರ ಬಳಗ… ಬಳಸುವವರನ್ನು ನಾವು ಒಮ್ಮೆಯಾದರೂ ಕರೆದಿದ್ದೇವೆಯೇ? ಶಬ್ದ ಸರಿಯೋ ತಪ್ಪೋ ಎಂದು ನಾವು ನಾವೇ ಜಗಳಾಡಿದೆವು!

ಇಮಾಮಬಿ ಮೊಣಕಾಲು ಹಿಡಿದು ಎದ್ದಳು. “ಇನ್ನ ಬರ್ತೇನವ್ವಾ.”

“ಏನಂದ್ರಿ ಆಯಿ? ಇನ್ನೊಮ್ಮೆ ಅನ್ರಿ!”

“ಇನ್ನ ಬರ್ತೇನಿ ಅಂದೆ. ಯಾಕ, ಇನ್ನೂ ಕುಂದ್ರಲೇನು?”

‘ಇನ್ನ!’ ಎರಡಕ್ಷರದ ಆ ಸಣ್ಣ ಮಾತಿನಲ್ಲಿ ಭಾಗ್ಯಜ್ಯೋತಿಯ ಆಕ್ಷೇಪ ಕರಗಿಹೋಯಿತು. ಹೊರಡುವವರಲ್ಲದೆ ಬೇರೆ ಯಾರು ಹಾಗೆ ಹೇಳುತ್ತಾರೆ? ಅರ್ಥ ಸ್ಪಷ್ಟ… ಭರವಸೆಯೂ ಇದ್ದಲ್ಲೇ ಇದೆ.

ಅವಳು ನೇರವಾಗಿ ಫೋನಿನ ಬೂತಿಗೆ ನಡೆದು ಸಿದ್ದರಾಯನಿಗೆ ಫೋನ್ ಮಾಡಿದಳು.

“ಭಾಗ್ಯಜ್ಯೋತಿ ಮಾತಾಡಾಕತ್ತೇನ್ರಿ. ಅವತ್ತ ನೀವು ‘ಹೋಗ್ತೇನಿ’ ಅಂದ್ರಿ.”

ಆ ಕಡೆಯಿಂದ ಮೆಲ್ಲಗೆ, “ಹೌದ್ರಿ.”

“ಅದು ತಪ್ಪು ಶಬ್ದರಿ. ರವಿವಾರ ಬಂದು ತಿದ್ರಿ.”

ಉತ್ತರಕ್ಕೆ ಕಾಯುವ ಧೈರ್ಯ ಸಾಲದೆ ಅವಳು ಫೋನಿಟ್ಟುಬಿಟ್ಟಳು.

ರವಿವಾರ ಕಂಪ್ಯೂಟರು ಹಿಂದಿನ ಕೋಣೆಯಿಂದ ಅಂಗಡಿಯ ಮುಂಭಾಗಕ್ಕೆ ಬಂದಿತ್ತು. ಇಮಾಮಬಿ ತನ್ನ ಓಣಿಯ ಹೆಂಗಸರನ್ನೇ ಕರೆತಂದಿದ್ದಳು. ಮೊಮ್ಮಗಳ ಕೂಸನ್ನು ಎಲ್ಲರಿಗೂ ತಾನೇ ತೋರಿಸುತ್ತಿದ್ದಳು. “ಸರೀರಿ, ನನ್ನ ಪಾಳಿ!” “ಏ, ನಾ ಮೊದಲ ಬಂದೇನಿ!” ಎಂಬ ಗದ್ದಲ ಬೀದಿಗೂ ಕೇಳುತ್ತಿತ್ತು.

ಗುಂಪಿನ ಹಿಂದೆ ಸಿದ್ದರಾಯ ಬಂದು ನಿಂತ. ಪರದೆಯ ಮೂಲೆಯನ್ನು ಓದಿದ: ‘ಇನ್ನ ಬರ್ತೇನಿ’.

ಅವನ ಕಣ್ಣು ತೇವವಾಯಿತು. “ಮತ್ತ ವಿಜಾಪುರ?”

“ಬ್ಯಾಡ ಅಂದೆ. ಕುರ್ಚಿ ಖಾಲಿ ಅದಾವ ಅಂತ ಹೆದರಿದ್ನಿ. ಕುಂದ್ರೋರನ್ನ ಕರದಿದ್ದಿಲ್ಲ, ಅಷ್ಟರೀ.”

“ಎಷ್ಟ ಮಂದಿ ನೋಡೋ ತಮ್ಮಾ!” ಎಂದು ಮೋದಿನಸಾಬ ಬೀಗಿದ. “ಬಳಗ ಇನ್ನ ಎಲ್ಲಿಗೂ ಹೋಗೂದಿಲ್ಲ. ಹೋದ್ರ ನಮ್ಮವ್ವ ನನ್ನ ಮನಿ ಬಿಡಸ್ತಾಳ!”

ಸಂಜೆ ಇಬ್ಬರೂ ಬಸ್ ನಿಲ್ದಾಣದತ್ತ ನಡೆದರು.

“ನಾಚಿಕಿ ಅಲ್ರಿ,” ಎಂದಳು ಅವಳು, ನೆಲ ನೋಡುತ್ತ. “ನಿಮ್ಮ ಕೆಲಸ ಉಳೀಲಿ ಅಂತ ಬದಲಿ ಮಾಡಿದ್ನಿ. ನೀವು ಬರೂದು ನಿಂತ್ರೂ… ತಡಕೋತೇನಿ ಅಂದುಕೊಂಡಿದ್ನಿ.”

“ತಡಕೊಂಡ್ರೇನು?”

“ಇಲ್ರಿ.”

“ನನಗೂ ಆಗಲಿಲ್ಲ, ಜ್ಯೋತಿ.”

ಅವನು ಹಾಗೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು! ಅಷ್ಟರಲ್ಲಿ ಮುದ್ದೇಬಿಹಾಳದ ಬಸ್ಸು ಬಂದು ನಿಂತಿತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ.

“ಇನ್ನ ಬರ್ತೇನಿ.”

ಅವಳು ತುಂಟತನದಿಂದ ಹುಬ್ಬೇರಿಸಿದಳು. “ಒಂದು ಶಬ್ದಕ್ಕ ಒಂದ ಅರ್ಥ ಇರಬೇಕ್ರಿ. ಇದು ಹೋಗೂದೋ, ಬರೂದೋ?”

“ಬರೂದು. ತಾಂಬಾಕ್ಕ, ನಿಮ್ಮ ಮನೀಗೆ. ನಮ್ಮ ಅಪ್ಪ-ಅವ್ವನ್ನ ಕರಕೊಂಡು.”

ಕಂಡಕ್ಟರ್ ಸೀಟಿ ಊದಿದ. ಅವಳ ಪ್ರಶ್ನೆಗಳೆಲ್ಲ ಅಂದು ಮೊದಲ ಬಾರಿ ಮುಗಿದುಹೋಗಿದ್ದವು.

“ಬರ್ರಿ,” ಎಂದಳು.