ಕಾಲುವೆ ದಾರಿಯ ಬಿಳಿ ಕಲ್ಲುಗಳು

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು, ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ನನ್ನ ಲಾರಿ ಕಳುವಾಗಿದೆ ಮೇಡಂ."

"ಎಂಥಾ ಲಾರಿ?"

"ಮಿಲಿಟರೀದು. ಹರಾಜಲ್ಲಿ ತಗೊಂಡಿದ್ದು. ಆರು ಚಕ್ರದ್ದು."

ಇನ್‌ಸ್ಪೆಕ್ಟರ್ ಮೇಡಂ ಪೆನ್ನು ಕೆಳಗಿಟ್ಟರು. ಸೈಕಲ್ ಕಳುವು, ಪಂಪ್‌ಸೆಟ್ ಕಳುವು ಅವರಿಗೆ ಅನ್ನ ನೀರಿದ್ದಂತೆ. ಆನೆಯಷ್ಟು ದೊಡ್ಡ ಲಾರಿಯನ್ನು ಯಾರೋ ಎತ್ತಿಕೊಂಡು ಹೋದರು ಅನ್ನುವುದು ಇದೇ ಮೊದಲು. ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಆಗಲೇ ಕೈಗಡಿಯಾರ ನೋಡಿ ಸಮಯ ಬರೆದುಕೊಂಡಿದ್ದ. ಅವನು ಕೆಮ್ಮಿದರೂ ಸಮಯ ಬರೆದುಕೊಳ್ಳುವ ಆಸಾಮಿ. ಅದಕ್ಕೇ ಠಾಣೆಯಲ್ಲಿ ಅವನಿಗೆ 'ಗಡಿಯಾರ' ಎಂದು ಹೆಸರು ಬಿದ್ದಿತ್ತು.

ಹೆಂಗಸನ್ನು ಎಲ್ಲರೂ ಜೇನಮ್ಮ ಅನ್ನುತ್ತಿದ್ದರು. ಇನ್ನೂರು ಜೇನುಪೆಟ್ಟಿಗೆ ಸಾಕಿಕೊಂಡು, ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಪೆಟ್ಟಿಗೆ ಸಾಗಿಸುವ ಕಸುಬು. ಈಗ ಪೆಟ್ಟಿಗೆಗಳೆಲ್ಲ ಕಾಲುವೆಯಾಚೆ ಸೂರ್ಯಕಾಂತಿ ಹೊಲದಲ್ಲಿದ್ದವು. ಭಾನುವಾರ ಆ ಹೊಲದವರು ಔಷಧಿ ಹೊಡೆಯುವವರಿದ್ದರು.

"ಶನಿವಾರ ಸಂಜೆಯೊಳಗೆ ಪೆಟ್ಟಿಗೆ ಎತ್ತಬೇಕು. ಇಲ್ಲಾಂದ್ರೆ ಒಂದು ಹುಳಾನೂ ಉಳಿಯಲ್ಲ. ಬಾಡಿಗೆ ಲಾರಿಯೋರು ಬರಲ್ಲ ಮೇಡಂ. ಒಂದ್ಸಲ ಕಚ್ಚಿಸಿಕೊಂಡೋರು ನನ್ನ ಫೋನೇ ಎತ್ತಲ್ಲ. ಅದಕ್ಕೇ ಸ್ವಂತದ್ದು ತಗೊಂಡೆ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

ಕಳುವಿನ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ಜೇನಮ್ಮನ ಅಂಗಳದಲ್ಲಿ ಕಳುವು ನಡೆದ ಲಕ್ಷಣವೇ ಇರಲಿಲ್ಲ. ಗೇಟಿನ ಚಿಲಕ ನೀಟಾಗಿ ಹಾಕಿತ್ತು. ಒಡೆದ ಗಾಜಿಲ್ಲ, ಕಿತ್ತ ವೈರಿಲ್ಲ. ಚಕ್ರದಡಿ ಇಡುತ್ತಿದ್ದ ಮರದ ತುಂಡುಗಳನ್ನೂ ಕಳ್ಳ ಮರೆಯದೆ ಒಯ್ದಿದ್ದ.

"ಬೀಗದಕೈ ಎಲ್ಲಿತ್ತು?"

"ಅದಕ್ಕೆ ಬೀಗದಕೈಯೇ ಇಲ್ಲ ಮೇಡಂ. ಮಿಲಿಟರಿ ಗಾಡಿ ಅಲ್ವಾ, ತುರ್ತಿಗೆ ಯಾರು ಬೇಕಾದ್ರೂ ಹೊರಡಿಸೋ ಹಾಗೆ ಮಾಡಿರ್ತಾರಂತೆ. ಸೀಟಿನ ಕೆಳಗೆ ಬ್ಯಾಟರಿ ಸ್ವಿಚ್ಚಿದೆ. ಅದು ಗೊತ್ತಿಲ್ಲದೋನು ದಿನವಿಡೀ ಕೂತ್ರೂ ಸ್ಟಾರ್ಟ್ ಆಗಲ್ಲ."

"ಯಾರ್ಯಾರಿಗೆ ಗೊತ್ತು?"

"ನಂಗೆ, ನಮ್ಮ ಸೋದರಮಾವನಿಗೆ. ಮಾವ ಮಿಲಿಟರೀಲಿ ಡ್ರೈವರ್ ಆಗಿದ್ರು. ಗಾಡಿ ಆರಿಸಿಕೊಟ್ಟಿದ್ದೂ ಅವರೇ." ಅಷ್ಟು ಹೇಳಿ ಅವಳು ಗಾಬರಿಯಾದಳು. "ಅವರಿಗೆ ಎಪ್ಪತ್ತೊಂದು ವರ್ಷ ಮೇಡಂ. ನನ್ನ ಎತ್ತಿ ಆಡಿಸಿದೋರು."

ಎತ್ತಿ ಆಡಿಸಿದವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ನೋಡಿದ್ದರು. ಜೀಪ್ ಹತ್ತಿದರು. ತನಿಖೆ ಗಾಡಿಯನ್ನು ಕೊಂಡ ಜಾಗದಿಂದಲೇ ಶುರುವಾಗಲಿ ಎಂಬುದು ಅವರ ಲೆಕ್ಕ.

ಹರಾಜು ಯಾರ್ಡಿನ ಸ್ಟೋರ್‌ಕೀಪರ್ ಮಾತಿನ ಮಲ್ಲ. ಸಾಲಾಗಿ ನಿಂತಿದ್ದ ಹಳೆ ಲಾರಿಗಳ ನಡುವೆ ಮದುವೆ ದಲ್ಲಾಳಿಯ ಹಾಗೆ ಓಡಾಡಿದ.

"ಮೊದಲ ಸಲ ಬರೋರು ಬಣ್ಣಕ್ಕೆ ಮರುಳಾಗ್ತಾರೆ ಮೇಡಂ. ಹೊಸ ಬಣ್ಣದ ಕೆಳಗೆ ತುಕ್ಕು ಹಿಡಿದ ಚಾಸಿ ಇರುತ್ತೆ. ಟೈರಿಗೆ ಸವೆತ ಇರಲ್ಲ, ಆದ್ರೆ ನಿಂತು ನಿಂತು ಬಿರುಕು ಬಿಟ್ಟಿರುತ್ತೆ. ಆ ಅಮ್ಮ ಹಾಗಲ್ಲ, ಬುದ್ಧಿವಂತೆ. ಇಗೋ, ಈ ಚಿಕ್ಕದರ ಮೇಲೆ ಕೈಯಿಟ್ಟಿದ್ರು. ನಾಲ್ಕು ಚಕ್ರ, ಒಳ್ಳೆ ಎಂಜಿನ್ನು. ಅವರ ಲೈಸೆನ್ಸಿಗೂ ಸರಿಹೋಗ್ತಿತ್ತು."

"ಮತ್ತೆ?"

"ಜೊತೇಲಿದ್ದ ಯಜಮಾನ್ರು ಆ ಆರು ಚಕ್ರದ್ದರ ಹತ್ರ ಹೋದ್ರು. ಬಾಗಿಲು, ಬಾನೆಟ್ಟು, ಸ್ಟೇರಿಂಗು, ಎಲ್ಲಾ ಕೈಯಲ್ಲಿ ಸವರಿದ್ರು. 'ಇದೇ' ಅಂದ್ರು. ಆಮೇಲೆ ಬೇರೆ ಗಾಡಿ ಕಡೆ ತಿರುಗಲೇ ಇಲ್ಲ. ಹಿಂದೆ ಅದನ್ನ ಓಡಿಸಿದ್ರಂತೆ."

ಅಲ್ಲಿಂದ ಸಾರಿಗೆ ಕಚೇರಿ. ವಾಹನ ನಿರೀಕ್ಷಕನಿಗೆ ನಿಯಮ ಹೇಳುವುದೆಂದರೆ ಹಬ್ಬದೂಟ.

"ಎಲ್ಲರೂ ಮಾಡೋ ತಪ್ಪನ್ನೇ ಆಕೆಯೂ ಮಾಡಿದ್ರು ಮೇಡಂ. ಜೇನುಪೆಟ್ಟಿಗೆ ಹಗುರ, ಹಾಗಾಗಿ ಮಾಮೂಲಿ ಲೈಸೆನ್ಸ್ ಸಾಕು ಅಂದ್ಕೊಂಡ್ರು. ನಾವು ನೋಡೋದು ಏನು ಹೊತ್ತಿದೆ ಅಂತಲ್ಲ, ಎಷ್ಟು ಹೊರಬಲ್ಲದು ಅಂತ. ಗಾಡಿ ಖಾಲಿ ಹೋದ್ರೂ ಅದು ಭಾರೀ ವಾಹನವೇ. ಬಣ್ಣ ಬದಲಾಯಿಸಿ, ತಪಾಸಣೆ ಮಾಡಿಸಿ ತಾತ್ಕಾಲಿಕ ನಂಬರ್ ತಗೊಂಡಿದ್ರು. ಆದ್ರೆ ಓಡಿಸೋಕೆ ಹೆವಿ ಲೈಸೆನ್ಸ್ ಬೇಕಲ್ಲ?"

"ಸೋದರಮಾವನಿಗೆ ಇತ್ತಲ್ಲವಾ?"

"ಇತ್ತು. ಅವಧಿ ಮುಗಿದಿದೆ. ಹೋದ ತಿಂಗಳು ನವೀಕರಣಕ್ಕೆ ಬಂದಿದ್ರು. ಕಣ್ಣಿನ ಪರೀಕ್ಷೆಗೆ ನಿಲ್ಲಿಸಿದ್ವಿ. ಕನ್ನಡಕ ಮನೇಲಿ ಮರೆತೆ, ತರ್ತೀನಿ ಅಂತ ಹೋದ್ರು. ಆಮೇಲೆ ಈ ಕಡೆ ತಲೆ ಹಾಕಿಲ್ಲ."

ಜೇನಮ್ಮನಿಗೆ ಫೋನ್ ಮಾಡಿ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ವಯಸ್ಸಾಯ್ತು ಅಂತ ಲೈಸೆನ್ಸ್ ಕೊಡಲಿಲ್ಲ ಎಂದು ಮಾವ ಅವಳಿಗೆ ಹೇಳಿದ್ದರು. ಬೇರೆ ದಾರಿ ಕಾಣದೆ ಅವಳು ವರ್ಕ್‌ಶಾಪಿಗೆ ಮಾತಾಡಿದ್ದಳು. ಚಾಸಿ ಕತ್ತರಿಸಿ, ಹಿಂದಿನ ಒಂದು ಜೊತೆ ಚಕ್ರ ತೆಗೆದು ಗಾಡಿಯನ್ನು ಚಿಕ್ಕದು ಮಾಡುವುದು. ಶುಕ್ರವಾರ ಮತ್ತೆ ತಪಾಸಣೆ, ಶನಿವಾರ ಅವಳೇ ಓಡಿಸಿಕೊಂಡು ಹೊಲಕ್ಕೆ. ಕತ್ತರಿಸಲು ಒಯ್ಯಬೇಕಿದ್ದದ್ದು ಇದೇ ಮಂಗಳವಾರ ಬೆಳಗ್ಗೆ.

ಫೋನ್ ಇಟ್ಟ ಇನ್‌ಸ್ಪೆಕ್ಟರ್, "ನಡಿ, ಮಾವನ ಮನೆಗೆ" ಎಂದರು.

ಆ ಮನೆಯ ಅಂಗಳ ನೋಡಿದರೆ ಯಾರಿಗಾದರೂ ತಮ್ಮ ಮನೆ ನೆನಪಾಗಿ ನಾಚಿಕೆಯಾಗಬೇಕು. ಗಿಡಗಳು ಸಾಲಾಗಿ ನಿಂತಿದ್ದವು, ದಾರಿಯ ಎರಡೂ ಬದಿಗೆ ಒಂದೇ ಅಳತೆಯ ಕಲ್ಲುಗಳು, ಅವಕ್ಕೆ ಸುಣ್ಣ. ಮಾವ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತರು.

"ನಿನ್ನೆ ರಾತ್ರಿ ಎಲ್ಲಿದ್ರಿ ಯಜಮಾನ್ರೇ?"

"ಇಲ್ಲೇ."

"ಬೆಳಗ್ಗೆ?"

"ವಾಕಿಂಗ್ ಹೋಗಿದ್ದೆ."

"ಲಾರಿ ಕಳುವಾದದ್ದು ಗೊತ್ತಾ?"

"ನನ್ನ ಸೋದರಸೊಸೆ ಹೇಳಿದ್ಲು. ನೀರು ಕುಡಿಯಿರಿ, ಬಿಸಿಲಲ್ಲಿ ಬಂದಿದೀರಿ."

ಅವರು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದರು. ತೋರುಬೆರಳನ್ನು ಲೋಟದ ಅಂಚಿನೊಳಗೆ ಇಳಿಬಿಟ್ಟಿದ್ದರು. ನೀರು ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಲಾರಿಯ ಫೋಟೋ ಮುಂದೆ ಹಿಡಿದರು. ಮಾವ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿ, "ಹೌದು, ಇದೇ ಗಾಡಿ" ಎಂದರು. ಫೋಟೋ ತಲೆಕೆಳಗಾಗಿತ್ತು.

ಹೊರಗೆ ಬಂದ ಮೇಲೆ ಗಡಿಯಾರ ತಲೆ ಕೆರೆದುಕೊಂಡ. "ಇವರು ಹೆಚ್ಚುಕಮ್ಮಿ ಕುರುಡರು ಮೇಡಂ. ಇವರನ್ನ ಬಿಟ್ಟುಬಿಡೋಣ. ಲಾರಿ ಇರಲಿ, ತಳ್ಳುಗಾಡಿ ಕೊಟ್ರೂ ಚರಂಡಿಗೆ ಇಳಿಸ್ತಾರೆ."

ಇನ್‌ಸ್ಪೆಕ್ಟರ್‌ಗೂ ಹಾಗೇ ಅನ್ನಿಸಿತು. ಅನ್ನಿಸಿ ಸ್ವಲ್ಪ ನೆಮ್ಮದಿಯೂ ಆಯಿತು. ಆ ಮನುಷ್ಯನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಲು ಅವರಿಗೆ ಮನಸ್ಸಿರಲಿಲ್ಲ.

ಬುಧವಾರ ಬೆಳಗ್ಗೆ ಹಾಲಿನವನೊಬ್ಬ ಸಿಕ್ಕಿದ. ಮಂಗಳವಾರ ನಸುಕಿನಲ್ಲಿ ದೊಡ್ಡ ಲಾರಿಯೊಂದು ಹಳೆ ಕಾಲುವೆ ದಾರಿಗೆ ಇಳಿದದ್ದನ್ನು ಅವನು ಕಂಡಿದ್ದ.

"ಜೋರಾಗಿ ಹೋಯ್ತಾ?"

"ಎಲ್ಲಿಯ ಜೋರು ಮೇಡಂ, ನನ್ನ ಸೈಕಲ್ಲೇ ಅದನ್ನ ಹಿಂದೆ ಹಾಕ್ತು. ಮರದ ನಾಟಾ ಕದ್ದು ಸಾಗಿಸ್ತಾ ಇದಾರೇನೋ ಅಂತ ನಾನು ಸುಮ್ಮನಾದೆ."

ಕದ್ದ ಲಾರಿಯನ್ನು ಸೈಕಲ್ಲಿಗಿಂತ ನಿಧಾನ ಓಡಿಸುವ ಕಳ್ಳನನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಜೀಪು ಕಾಲುವೆ ದಾರಿಗೆ ಇಳಿಯಿತು. ಕೆರೆಯಿಂದ ಬರುವ ನೀರು ನಿಂತು ವರ್ಷಗಳಾಗಿ, ದಾರಿಯಲ್ಲಿ ಜನಸಂಚಾರವೇ ಇರಲಿಲ್ಲ. ಮೊದಲ ತಿರುವಿನಲ್ಲಿ ಪೊಲೀಸ್ ಡ್ರೈವರ್ ಬ್ರೇಕ್ ಹಾಕಿದ.

"ಇಲ್ಲೇನೋ ರಸ್ತೆ ಕೆಲಸ ಶುರುವಾದ ಹಾಗಿದೆ ಮೇಡಂ. ಗುರುತು ಹಾಕಿದಾರೆ."

ತಿರುವಿನ ಎರಡೂ ಅಂಚಿಗೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಸುಣ್ಣ ಬಳಿದಿತ್ತು. ಮುಂದಿನ ತಿರುವಿನಲ್ಲೂ ಹಾಗೇ. ಅದರ ಮುಂದೆ ಕಾಲುವೆಯ ಕಿರುಸೇತುವೆಯ ಎರಡು ಕಡೆಯೂ ಹಾಗೇ. ಎಲ್ಲ ಕಲ್ಲೂ ಒಂದೇ ಅಳತೆ, ಒಂದೇ ಅಂತರ.

ಇನ್‌ಸ್ಪೆಕ್ಟರ್ ಕೆಳಗಿಳಿದು ಒಂದು ಕಲ್ಲು ಮುಟ್ಟಿದರು. ಕೈಗೆ ಸುಣ್ಣ ಮೆತ್ತಿತು. ನಿನ್ನೆ ನೋಡಿದ ಅಂಗಳ ಕಣ್ಣ ಮುಂದೆ ಬಂತು. ಮಂದಗಣ್ಣಿಗೆ ಮಸುಕು ಬೆಳಕಿನಲ್ಲೂ ಬಿಳಿ ಕಾಣುತ್ತದೆ. ದಿನಗಟ್ಟಲೆ ಬೆನ್ನು ಬಗ್ಗಿಸಿ, ಒಬ್ಬನೇ ಕಲ್ಲು ಹೊತ್ತು, ತನ್ನ ಕಣ್ಣಿಗೆ ತಕ್ಕಂತೆ ಒಂದು ರಸ್ತೆಯನ್ನೇ ಆತ ಮಾಡಿಕೊಂಡಿದ್ದ. ಆ ಕಲ್ಲುಗಳು ಪೊಲೀಸರಿಗೂ ಅಷ್ಟೇ ಚೆನ್ನಾಗಿ ದಾರಿ ತೋರಿಸುತ್ತವೆ ಎಂಬುದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

"ಕಲ್ಲು ಹಿಡಿದು ನಡಿ" ಎಂದರು ಡ್ರೈವರ್‌ಗೆ.

ಕಲ್ಲಿನ ಸಾಲು ಪಾಳುಬಿದ್ದ ಇಟ್ಟಿಗೆ ಗೂಡಿನ ಹತ್ತಿರ ಮುಗಿಯಿತು. ಲಾರಿ ಅಲ್ಲಿತ್ತು. ಮೂತಿ ದಾರಿಯ ಕಡೆಗೆ, ಚಕ್ರದಡಿ ಮರದ ತುಂಡು, ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕಲು ತಟ್ಟೆ. ಮಾವ ಬಾನೆಟ್ ಎತ್ತಿ ಏನನ್ನೋ ಒರೆಸುತ್ತಿದ್ದರು. ಬೂಟಿನ ಸದ್ದಿಗೆ ತಿರುಗಿದರು.

"ಇನ್‌ಸ್ಪೆಕ್ಟರ್ ಮೇಡಂ ತಾನೇ? ಹೆಜ್ಜೆ ಗೊತ್ತಾಯ್ತು."

"ಯಾಕೆ ತಂದ್ರಿ?"

"ಕತ್ತರಿಸ್ತಾಳಂತೆ."

"ಅವಳ ಗಾಡಿ, ಅವಳಿಷ್ಟ. ಶನಿವಾರದೊಳಗೆ ಗಾಡಿ ಸಿಗದಿದ್ರೆ ಹುಳ ಎಲ್ಲಾ ಸಾಯ್ತಿತ್ತು. ಗೊತ್ತಿತ್ತಾ?"

"ಶನಿವಾರ ನಾನೇ ತಗೊಂಡು ಹೋಗಿ ಪೆಟ್ಟಿಗೆ ತುಂಬಿಸ್ತಿದ್ದೆ. ಈ ದಾರಿ ಹೊಲದವರೆಗೂ ಹೋಗುತ್ತೆ. ಸುಣ್ಣ ಇನ್ನೂ ಸ್ವಲ್ಪ ಬಾಕಿ ಇತ್ತು."

"ಯಜಮಾನ್ರೇ, ಆ ಚಿಕ್ಕ ಗಾಡಿ ತಗೊಂಡಿದ್ರೆ ಈ ರಾಮಾಯಣವೇ ಇರ್ತಿರಲಿಲ್ಲ. ಇದು ಅವಳ ಲೈಸೆನ್ಸಿಗೆ ಬರಲ್ಲ ಅಂತ ನಿಮಗೆ ಗೊತ್ತಿತ್ತು. ಮತ್ಯಾಕೆ ಇದನ್ನೇ ಆರಿಸಿದ್ರಿ?"

ಮಾವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು.

"ಹನ್ನೊಂದು ವರ್ಷ ಓಡಿಸಿದೀನಿ. ಕಣ್ಣು ಮಂಜಾದ ಮೇಲೂ ಕೈಗೆ ಗೊತ್ತಿರೋ ಗಾಡಿ ಇದೊಂದೇ."

ಗಡಿಯಾರ ಸಮಯ ನೋಡುವುದನ್ನೂ ಮರೆತ.

ಜಪ್ತಿ ಪಂಚನಾಮೆ ಮುಗಿಯಿತು, ದಸ್ತಗಿರಿಯೂ ಆಯಿತು. ಆಮೇಲೆ ಎದ್ದಿತು ನೋಡಿ ಫಜೀತಿ. ಲಾರಿಯನ್ನು ಠಾಣೆಗೆ ತರುವವರು ಯಾರು? ಹೆವಿ ಲೈಸೆನ್ಸ್ ಇದ್ದದ್ದು ಪೊಲೀಸ್ ಡ್ರೈವರ್ ಒಬ್ಬನಿಗೆ. ಅವನು ಗೇರ್ ಹಾಕಲು ಹೋದಾಗಲೆಲ್ಲ ಲಾರಿ ಹಲ್ಲು ಕಡಿದು ನಿಂತುಬಿಡುತ್ತಿತ್ತು. ಓಡಿಸಲು ಬರುವವರಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇರುವವನಿಗೆ ಓಡಿಸಲು ಬರುವುದಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಆರೋಪಿಯನ್ನು ಡ್ರೈವರ್ ಪಕ್ಕ ಕೂರಿಸಿ, ತಾವು ಕಿಟಕಿ ಬದಿಗೆ ಕೂತರು.

"ಕ್ಲಚ್ ಒತ್ತು. ನ್ಯೂಟ್ರಲ್ಲಿಗೆ ತಾ. ಬಿಡು. ಈಗ ಸ್ವಲ್ಪ ಆಕ್ಸಿಲರೇಟರ್. ಮತ್ತೆ ಕ್ಲಚ್. ಹಾಕು ಈಗ" ಎಂದರು ಮಾವ. ಗೇರ್ ಬೆಣ್ಣೆಯಂತೆ ಕೂತಿತು. "ಶಭಾಷ್. ಮುಂದೆ ಎಡ ತಿರುವು, ನಿಧಾನ."

"ಕಾಣುತ್ತಾ ತಾತ?"

"ನಾನು ನೆಟ್ಟ ಕಲ್ಲಪ್ಪಾ, ನೋಡಿಯೇ ತಿಳೀಬೇಕಾ?"

ಅವರ ಕಣ್ಣು ಮುಚ್ಚಿತ್ತು. ಮುಖದಲ್ಲಿ ಎಷ್ಟು ಸುಖವಿತ್ತೆಂದರೆ ಇನ್‌ಸ್ಪೆಕ್ಟರ್ ಬೇರೆ ಕಡೆ ನೋಡಿದರು.

ಠಾಣೆಯಲ್ಲಿ ಜೇನಮ್ಮ ಕಾಯುತ್ತಿದ್ದಳು. ಲಾರಿ ಕಂಡು ಅವಳ ಮುಖ ಅರಳಿತು. ಅದರಿಂದ ಇಳಿದವರನ್ನು ಕಂಡು ಕುಗ್ಗಿತು. ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದರು. ಅವಳು ಮಾವನ ಮುಂದೆ ಹೋಗಿ ನಿಂತು, ಅವರ ಕಣ್ಣ ಮುಂದೆ ಕೈಯಾಡಿಸಿದಳು. ಅವರು ರೆಪ್ಪೆ ಬಡಿಯಲಿಲ್ಲ.

"ಎಷ್ಟು ದಿನದಿಂದ ಮಾವ?"

"ಒಂದು ವರ್ಷ ಆಯ್ತು ಪುಟ್ಟಿ. ಡಾಕ್ಟ್ರು ಇದು ವಾಪಸ್ ಬರಲ್ಲ ಅಂದ್ರು."

"ನಂಗೆ ಒಂದು ಮಾತು ಹೇಳೋಕೆ ಆಗಲಿಲ್ವಾ?" ಅವಳು ಅತ್ತುಬಿಟ್ಟಳು. "ದಾರೀಲಿ ಯಾರಾದ್ರೂ ಅಡ್ಡ ಬಂದಿದ್ರೆ? ನೀವೇ ಕಾಲುವೆಗೆ ಬಿದ್ದಿದ್ರೆ?" ಕಣ್ಣೊರೆಸಿಕೊಂಡು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಗಾಡಿ ಕತ್ತರಿಸಲ್ಲ ಮೇಡಂ. ನಾನೇ ಹೆವಿ ಲೈಸೆನ್ಸ್ ತಗೋತೀನಿ. ಆದ್ರೆ ಕಂಪ್ಲೇಂಟ್ ಮಾತ್ರ ವಾಪಸ್ ತಗೊಳಲ್ಲ. ಇವರು ಇನ್ನೊಂದ್ಸಲ ಸ್ಟೇರಿಂಗ್ ಮುಟ್ಟಬಾರದು."

"ಸರಿಯಾಗಿ ಹೇಳಿದ್ಲು" ಎಂದರು ಮಾವ.

ಶುಕ್ರವಾರ ನ್ಯಾಯಾಲಯ ಮಾವನಿಗೆ ಜಾಮೀನು ಕೊಟ್ಟು, ಲಾರಿಯನ್ನು ಜೇನಮ್ಮನ ವಶಕ್ಕೆ ಬಿಟ್ಟಿತು. ಶನಿವಾರ ಪೊಲೀಸ್ ಡ್ರೈವರ್ ರಜೆ ಹಾಕಿದ. ಯಾಕೆ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ. ಸೋಮವಾರ ಕೆಲಸಕ್ಕೆ ಬಂದಾಗ ಅವನ ಎಡಗಿವಿ ಪೂರಿಯ ಹಾಗೆ ಊದಿಕೊಂಡಿತ್ತು. ಪೆಟ್ಟಿಗೆಗಳೆಲ್ಲ ಹೊಲ ದಾಟಿದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ದಿನವೇ ಇನ್‌ಸ್ಪೆಕ್ಟರ್ ಆರೋಪಪಟ್ಟಿ ಬರೆಯಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ ಮೊದಲು 'ವಾಹನದ ಮೇಲಿನ ವ್ಯಾಮೋಹ' ಎಂದು ಬರೆದರು. ಕಾಲುವೆ ದಾರಿಯಲ್ಲಿ ಕಂಡ ಆ ಮುಚ್ಚಿದ ಕಣ್ಣು ನೆನಪಾಯಿತು. ಅದನ್ನು ಹೊಡೆದು ಹಾಕಿ, ಕೆಳಗೆ ದುಂಡಗೆ ಬರೆದರು: 'ತನಗೆ ಕಣ್ಣು ಕಾಣಿಸುವುದಿಲ್ಲ ಎಂದು ಮನೆಯವರಿಗೆ ಹೇಳಲಾಗದೆ.'